ಅನಿಮಲ್ ಫಾರ್ಮ್‌ನ ಬೆಕ್ಕು: ಬರೀ ಮೈಗಳ್ಳಿನಾ, ಅದಕ್ಕಿಂತ ಹೆಚ್ಚಾ?

ಓದುಗೂಬೆ
ಜಾರ್ಜ್ ಆರ್ವೆಲ್‌ನ ಅನಿಮಲ್ ಫಾರ್ಮ್ ಮತ್ತೆ ಓದ್ತಾ ಇದ್ದೀನಿ. ಪ್ರಾಣಿಗಳು ಯಜಮಾನ ಜೋನ್ಸ್‌ನ ಓಡಿಸಿ ತೋಟ ತಾವೇ ನಡೆಸೋಕೆ ಹೊರಟು, ಕೊನೆಗೆ ಹಂದಿಗಳ ಕೈಕೆಳಗೆ ಬೀಳೋ ಕಥೆ; ರಷ್ಯಾ ಕ್ರಾಂತಿ, ಸ್ಟಾಲಿನ್ ಆಳ್ವಿಕೆ ಮೇಲಿನ ವಿಡಂಬನೆ. ಡಿಗ್ರಿಯಲ್ಲಿ ಪಠ್ಯವಾಗಿದ್ದಾಗ ಸರ್ವಾಧಿಕಾರಿ ಹಂದಿ ನೆಪೋಲಿಯನ್ ಬಗ್ಗೆ ಹತ್ತು ಮಾರ್ಕಿನ ಪ್ರಶ್ನೆ, ದುಡಿಯೋ ಕುದುರೆ ಬಾಕ್ಸರ್ ಬಗ್ಗೆ ಐದು ಮಾರ್ಕು, ಅಲ್ಲಿಗೆ ಮುಗೀತು. ಬೆಕ್ಕನ್ನ ಯಾರೂ ಕೇಳ್ಲಿಲ್ಲ. ಈ ಸಲ ನನ್ನ ಕಣ್ಣೆಲ್ಲ ಅದರ ಮೇಲೇ. ಇಡೀ ಪುಸ್ತಕದಲ್ಲಿ ಬೆಕ್ಕು ಬರೋದು ಅಲ್ಲೊಂದು ಇಲ್ಲೊಂದು ಸಾಲು, ಅದಕ್ಕೊಂದು ಹೆಸರೂ ಇಲ್ಲ. ಬಂದಾಗಲೆಲ್ಲ ಏನಾದ್ರೂ ಕಿತಾಪತಿ ಮಾತ್ರ ಗ್ಯಾರಂಟಿ.

ಕ್ರಾಂತಿಯ ಕನಸು ಬಿತ್ತಿದ ಮುದಿ ಹಂದಿ ಓಲ್ಡ್ ಮೇಜರ್ ಭಾಷಣಕ್ಕೆ ಎಲ್ಲರೂ ಬಂದು ಕೂತಾದ ಮೇಲೆ ಕೊನೇಲಿ ಬರ್ತಾಳೆ. ಎಲ್ಲಿ ಬೆಚ್ಚಗಿದೆ ಅಂತ ಸುತ್ತ ನೋಡಿ, ಬಾಕ್ಸರ್‌ಗೂ ಹೆಣ್ಣು ಕುದುರೆ ಕ್ಲೋವರ್‌ಗೂ ನಡುವೆ ತೂರ್ಕೋತಾಳೆ. ಭಾಷಣ ಮುಗಿಯೋವರೆಗೂ ಗುರ್ ಗುರ್ ಅಂತ ಸುಖವಾಗಿ ಕೂತಿರ್ತಾಳೆ, ಒಂದಕ್ಷರ ಕಿವಿಗೆ ಹಾಕ್ಕೊಳ್ಳಲ್ಲ. ಇಲಿಗಳು ಕಾಮ್ರೇಡುಗಳೋ ಅಲ್ಲವೋ ಅಂತ ಮತಕ್ಕೆ ಹಾಕಿದಾಗ ಎರಡೂ ಕಡೆ ಮತ ಹಾಕ್ತಾಳೆ. ಜೋನ್ಸ್‌ನ ಓಡಿಸಿ ತೋಟ ತಮ್ಮದಾದ ಮೇಲೂ ಅಷ್ಟೇ. ಕೆಲಸದ ಹೊತ್ತಲ್ಲಿ ನಾಪತ್ತೆ, ಊಟದ ಹೊತ್ತಿಗೆ ಹಾಜರ್.

ನನಗನ್ಸೋದು, ಹಂದಿಗಳಿಗಿಂತ ಇವಳೇ ಅಪಾಯ. ಹಂದಿ ಏನು ಅಂತ ಕೊನೆಗಾದ್ರೂ ಗೊತ್ತಾಗುತ್ತೆ. ಇವಳದು ಗೊತ್ತೇ ಆಗಲ್ಲ. ನೀವೇನಂತೀರಿ?

ಒಂದ್ಸಾಲು
ಎಲ್ಲಾ ಆಫೀಸಲ್ಲೂ ಇಂಥದ್ದೊಂದು ಇರುತ್ತೆ. ನಮ್ಮಲ್ಲಿ ಮೂರಿವೆ.

ಧಾರವಾಡ_ಪೇಡೆ
ಹಂದಿಗಿಂತ ಅಪಾಯ ಅಂತ! ಏನ್ ಮಾತ್ರೀ ಇದು ಗೂಬೆಯವ್ರ. ಹಂದಿ ನಾಯಿ ಛೂ ಬಿಟ್ಟು ಗಂಟಲಾ ಹರಿಸ್ಯಾವ. ದುಡದು ದುಡದು ಬಿದ್ದ ಬಾಕ್ಸರ್‌ನ ದವಾಖಾನಿಗೆ ಅಂತ ಸುಳ್ಳ ಹೇಳಿ ಕಟುಕನ ಗಾಡಿ ಹತ್ತಿಸ್ಯಾವ. ಬೆಕ್ಕು ಏನ್ ಮಾಡೇತಿ? ಬಿಸಿಲಿಗೆ ಮಕ್ಕೊಂಡೇತಿ. ಮಕ್ಕೊಂಡವರನ್ನೂ ನೆಪೋಲಿಯನ್ನನ್ನೂ ಒಂದ ತಕ್ಕಡಿಯೊಳಗ ಹಾಕಬ್ಯಾಡ್ರಿ.

ಕೆಂಪುಬಸ್ಸು
ಬರೀ ಮಲಗಿದ್ರೆ ನನಗೂ ತಕರಾರಿರಲಿಲ್ಲ ಪೇಡೆ ಸಾರ್. ಮೂರನೇ ಅಧ್ಯಾಯ ಇನ್ನೊಮ್ಮೆ ನೋಡಿ. ಸ್ನೋಬಾಲ್ ಅನ್ನೋ ಹಂದಿಗೆ ಸಮಿತಿ ಹುಚ್ಚು. ಕೋಳಿಗಳಿಗೆ ಮೊಟ್ಟೆ ಉತ್ಪಾದನಾ ಸಮಿತಿ, ಹಸುಗಳಿಗೆ ಬಾಲ ಶುಚಿಯಾಗಿಡೋ ಸಂಘ, ಕುರಿಗಳಿಗೆ ಉಣ್ಣೆ ಬೆಳ್ಳಗೆ ಮಾಡೋ ಆಂದೋಲನ. ಇವ್ಯಾವುದಕ್ಕೂ ಬೆಕ್ಕು ತಲೆ ಹಾಕಲ್ಲ. ಅವಳು ಸೇರೋದು ಒಂದೇ ಒಂದಕ್ಕೆ: ಇಲಿ, ಮೊಲದಂಥ ಕಾಡುಪ್ರಾಣಿಗಳನ್ನ ತಿದ್ದೋ ಮರುಶಿಕ್ಷಣ ಸಮಿತಿ. ಅಲ್ಲಿ ಕೆಲವು ದಿನ ಭಾರೀ ಚುರುಕು. ಒಂದಿನ ನೋಡಿದ್ರೆ ಚಾವಣಿ ಮೇಲೆ ಕೂತಿದ್ದಾಳೆ, ಪಂಜಕ್ಕೆ ಎಟುಕದಷ್ಟು ದೂರದಲ್ಲಿ ಗುಬ್ಬಿಗಳು. ಈಗ ನಾವೆಲ್ಲ ಕಾಮ್ರೇಡುಗಳಲ್ವಾ, ಇಷ್ಟ ಇದ್ದೋರು ಬಂದು ನನ್ನ ಪಂಜದ ಮೇಲೆ ಕೂರಬಹುದು ಅಂತಾಳೆ. ಒಂದು ಗುಬ್ಬಿನೂ ಬರಲ್ಲ.

ಇದು ಸೋಮಾರಿತನ ಅಲ್ಲ ಸ್ವಾಮಿ. ಕೆಲಸ ಬೇಕಾದಾಗ ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡಿ! ಸಮಾನತೆಯ ಭಾಷೆ ಅವಳಿಗೆ ಬಾಯಿಪಾಠ ಇದೆ, ಭಾಷಣ ಕೇಳದೇ ಇದ್ರೂ. ಆ ಮಾತು ಎಲ್ಲಿ ಚಲಾವಣೆ ಆಗುತ್ತೆ ಅಂತಲೂ ಗೊತ್ತು. ನನ್ನ ಸಿಟ್ಟು ಇರೋದು ಅಲ್ಲಿ.

ಸಿಲ್ಕ್‌ಬೋರ್ಡ್_ಸಂತ
ಗುಬ್ಬಿಗಳಿಗಿದ್ದ ಬುದ್ಧಿ ಬಾಕ್ಸರ್‌ಗೆ ಇರಲಿಲ್ಲ ಗುರು 😂

ಬೆಕ್ಕಿನಮ್ಮ
ಎಲ್ಲರೂ ಸೇರಿ ಅದನ್ನ ಬೈದಿದ್ದು ಸಾಕು. ನಾಲ್ಕು ಬೆಕ್ಕು ಸಾಕಿರೋಳು ನಾನು, ಅದರ ಕಡೆಯಿಂದ ವಕೀಲಿ ಮಾಡ್ತೀನಿ.

ತೋಟದಲ್ಲಿ ಬೆಕ್ಕಿನ ಕೆಲಸ ಏನು? ಇಲಿ ಹಿಡಿಯೋದು. ಕಾಳಿನ ಕಣಜ ಉಳೀಬೇಕಂದ್ರೆ ಬೆಕ್ಕು ಬೇಕು. ಈಗ ಕ್ರಾಂತಿ ಆದ ಮೇಲೆ ಗೋಡೆಗೆ ಬರೆದ ಏಳು ಆಜ್ಞೆಗಳಲ್ಲಿ ಆರನೇದು ಓದಿ: ಯಾವ ಪ್ರಾಣಿಯೂ ಇನ್ನೊಂದು ಪ್ರಾಣಿಯನ್ನ ಕೊಲ್ಲಬಾರದು. ಸಾಲದ್ದಕ್ಕೆ ಇಲಿ ಕಾಮ್ರೇಡ್ ಅಂತ ಬೇರೆ ಬಹುಮತದಲ್ಲಿ ತೀರ್ಮಾನ. ಅಂದ್ರೆ ಕುದುರೆಗೆ ಉಳೋ ಕೆಲಸ ಉಳೀತು, ಕೋಳಿಗೆ ಮೊಟ್ಟೆ ಇಡೋದು ಉಳೀತು, ಕುಲಕಸುಬು ಹೋಗಿದ್ದು ಬೆಕ್ಕೊಂದಕ್ಕೇ! ಕೆಲಸ ಕಿತ್ಕೊಂಡು ಆಮೇಲೆ "ಯಾಕೆ ಕೆಲಸ ಮಾಡಲ್ಲ" ಅಂದ್ರೆ? ಹುಲ್ಲು ಕುಯ್ಯಕ್ಕೆ ಬೆಕ್ಕನ್ನ ಕಳಿಸ್ತೀರಾ?

ಹಾಲಿನ ವಿಷ್ಯ ಬೇರೆ. ಮೊದಲನೇ ದಿನ ಹಸು ಕರೆದು ಐದು ಬಕೆಟ್ ನೊರೆ ಹಾಲು ಇಟ್ಟಿದ್ರು. ಎಲ್ಲರೂ ಹುಲ್ಲು ಕೊಯ್ದು ವಾಪಸ್ ಬರೋಷ್ಟರಲ್ಲಿ ಮಾಯ. ದಿನಾ ಹಂದಿಗಳ ಕಲಗಚ್ಚಿಗೆ ಹೋಗ್ತಿತ್ತು. ಬೆಕ್ಕಿಗೆ ಈ ಕ್ರಾಂತಿಯಿಂದ ಒಂದು ತೊಟ್ಟು ಹಾಲು ಸಿಕ್ಕಿದ್ದು ನನಗಂತೂ ಕಾಣಲಿಲ್ಲ.

ಒಂದ್ಸಾಲು
ಜಾಮೀನು ಮಂಜೂರು.

ಓದುಗೂಬೆ
ಬೆಕ್ಕಿನಮ್ಮ ಮೇಡಂ, ವಾದ ಚೆನ್ನಾಗಿದೆ. ಆದ್ರೆ ಊಟದ ಹೊತ್ತಿಗೆ ಸರಿಯಾಗಿ ಬರ್ತಿದ್ಳಲ್ಲ, ಏನು ತಿನ್ನೋಕೆ? ಹೊಟ್ಟು ಹಿಂಡೀನಾ? ಆರ್ವೆಲ್ ಅದನ್ನ ಹೇಳಲ್ಲ. ಗಂಟೆಗಟ್ಟಲೆ ಮಾಯ ಆಗ್ತಿದ್ದವಳು ಎಲ್ಲಿಗೆ ಹೋಗ್ತಿದ್ಳು ಅನ್ನೋದನ್ನೂ ಹೇಳಲ್ಲ. ನನ್ನ ಅನುಮಾನ, ಕಸುಬು ಬಿಟ್ಟಿರಲಿಲ್ಲ. ಕದ್ದು ನಡೀತಿತ್ತು.

ಬೆಕ್ಕಿನಮ್ಮ
ನಡೆದಿದ್ರೆ ಕಣಜ ಉಳೀತು, ಥ್ಯಾಂಕ್ಸ್ ಹೇಳಿ.

ಕಡಲತಡಿ
ನೀವೆಲ್ಲ ಒಂದು ವಿಷಯ ಬಿಟ್ಟೇ ಬಿಟ್ರಿ ಮಾರಾಯ್ರೇ. ಆ ತೋಟದಲ್ಲಿ ಕೆಲಸ ಮಾಡದವರು ಇನ್ನೂ ಇಬ್ಬರು ಉಂಟು. ಒಂದು ಮೋಸಸ್ ಕಾಗೆ, ಇನ್ನೊಂದು ಮೋಲಿ ಕುದುರೆ. ಅವರನ್ನು ಬೇರೆಯವರು ಹೇಗೆ ನೋಡ್ತಾರೆ ಅಂತ ಗಮನಿಸಿ.

ಮೋಸಸ್ ಚಾಡಿ ಹೇಳ್ತದೆ, ಕೆಲಸ ಮಾಡುದಿಲ್ಲ, ಅದಕ್ಕೇ ಪ್ರಾಣಿಗಳಿಗೆ ಅದನ್ನು ಕಂಡರೆ ಆಗುದಿಲ್ಲ ಅಂತ ಪುಸ್ತಕದಲ್ಲೇ ಉಂಟು. ಮೋಲಿ ಬೆಳಿಗ್ಗೆ ತಡವಾಗಿ ಏಳ್ತಾಳೆ, ಗೊರಸಿಗೆ ಕಲ್ಲು ಸಿಕ್ಕಿತು ಅಂತ ಬೇಗ ಕೆಲಸ ಬಿಡ್ತಾಳೆ. ಅವಳನ್ನು ಕ್ಲೋವರ್ ಬದಿಗೆ ಕರೆದು ಸರಿಯಾಗಿ ವಿಚಾರಿಸ್ತಾಳೆ, ಆಚೆ ತೋಟದ ಮನುಷ್ಯ ನಿನ್ನ ಮೂಗು ಸವರ್ತಿದ್ದ ಅಲ್ವಾ ಅಂತ. ಅವಳ ಕೊಟ್ಟಿಗೆಯ ಹುಲ್ಲಿನಡಿ ಹುಡುಕಿ ಸಕ್ಕರೆ ತುಂಡು, ರಿಬ್ಬನ್ನು ಹೊರಗೆ ತೆಗೀತಾಳೆ. ಬೆಕ್ಕನ್ನು ಹೀಗೆ ಯಾರಾದ್ರೂ ಕೇಳಿದ್ದುಂಟಾ? ಇಲ್ಲ. ಯಾಕಂದ್ರೆ ಅದರ ನೆವ ಅಷ್ಟು ಚಂದ, ಗುರುಗುಟ್ಟುದು ಅಷ್ಟು ಪ್ರೀತಿಯಲ್ಲಿ. ಪಾಪ, ಮನಸ್ಸು ಒಳ್ಳೇದು ಅಂತ ಎಲ್ಲರೂ ನಂಬ್ತಾರೆ. ಒಂದೇ ತಪ್ಪು, ಮೂವರಿಗೆ ಮೂರು ನಮೂನೆ ನ್ಯಾಯ.

ಮೋಲಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕ್ರಾಂತಿಗೆ ಮೊದಲೇ ಕೇಳಿದ್ಳಲ್ಲ, ಕ್ರಾಂತಿ ಆದ ಮೇಲೆ ಸಕ್ಕರೆ ಸಿಗ್ತದಾ ಅಂತ. ಆಸೆಯನ್ನು ಮುಚ್ಚಿಡ್ಲಿಲ್ಲ. ಕಡೆಗೆ ಹೋಗಿ ಹೆಂಡದಂಗಡಿಯವನ ಕೆಂಪು ಕಪ್ಪು ಗಾಡಿಗೆ ಕಟ್ಟಿಸಿಕೊಂಡ್ಳು, ಮುಗೀತು.

ಧಾರವಾಡ_ಪೇಡೆ
ಇದು ಖರೇ ಮಾತು ನೋಡ್ರಿ ಕಡಲತಡಿ. ಮೋಸಸ್ ಮುಂದ ವಾಪಸ್ ಬಂದಾಗ ಹಂದಿಗೋಳು ದಿನಾ ಅದಕ್ಕ ಒಂದೀಟು ಬಿಯರ್ ಕೊಡ್ತಾವ, ಕೆಲಸಾ ಮಾಡೂದು ಬ್ಯಾಡ ಅಂತಾವ. ಅಂದ್ರ ಕಾಗಿ ಸಂಬಳದ ಮ್ಯಾಲೆ ಕುಂತದ. ಬೆಕ್ಕಿಗೆ ಸಂಬಳ ಇಲ್ಲ, ಯಾರ ಹಂಗೂ ಇಲ್ಲ. ನನಗ ಈಗ ಬೆಕ್ಕಿನ ಮ್ಯಾಲೆ ಇನ್ನೂ ಗೌರವ ಜಾಸ್ತಿ ಆತು!

ಕೆಂಪುಬಸ್ಸು
ಪೇಡೆ ಸಾರ್ ನೀವು ಬೇಕಂತಲೇ ಮಾಡ್ತಿದ್ದೀರಿ.

ಧಾರವಾಡ_ಪೇಡೆ
ಮತ್ತೇನು, ಬ್ಯಾಡಾಗಿ ಮಾಡ್ತಾರೇನ್ರೀ?

ನಿವೃತ್ತ_ಮೇಷ್ಟ್ರು
ಚರ್ಚೆ ಚೆನ್ನಾಗಿ ಸಾಗಿದೆ. ಎರಡು ಮಾತು ಸೇರಿಸುತ್ತೇನೆ.

ಆರ್ವೆಲ್‌ಗೆ ಇಂಥವರು ಗ್ರಂಥಾಲಯದಲ್ಲಿ ಸಿಕ್ಕವರಲ್ಲ. 1936ರ ಕೊನೆಯಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋಗಿ ಪೌಮ್ ಎಂಬ ಎಡಪಂಥೀಯ ಪಕ್ಷದ ಪಡೆ ಸೇರಿದರು. 1937ರ ಮೇ ತಿಂಗಳಲ್ಲಿ ಹುಯೆಸ್ಕಾ ಬಳಿ ಗಂಟಲಿಗೆ ಗುಂಡು ತಾಗಿ ಬದುಕಿದ್ದೇ ಹೆಚ್ಚು. ಜೂನಿನಲ್ಲಿ ಆ ಪಕ್ಷವನ್ನೇ ನಿಷೇಧಿಸಿದರು, ಜೊತೆಗಿದ್ದವರು ಜೈಲು ಸೇರಿದರು, ಇವರು ಹೆಂಡತಿಯೊಂದಿಗೆ ಗಡಿ ದಾಟಿ ತಪ್ಪಿಸಿಕೊಂಡರು. ಇಂಗ್ಲೆಂಡಿಗೆ ಬಂದು ನೋಡಿದರೆ, ಕಂದಕದ ಕೆಸರನ್ನೇ ಕಾಣದವರು ಪತ್ರಿಕೆಗಳಲ್ಲಿ ಕ್ರಾಂತಿಯ ಬಗ್ಗೆ ಬರೆಯುತ್ತಿದ್ದರು. ಬೆಕ್ಕು ಚಾವಣಿಯ ಮೇಲೆ ಕೂತು ಗುಬ್ಬಿಗೆ ಹೇಳುವ ಮಾತಿನಲ್ಲಿ ನನಗೆ ಆ ಕೋಪ ಕೇಳಿಸುತ್ತದೆ. ಇದು ನನ್ನ ಓದು. ಬೆಕ್ಕೆಂದರೆ ಇಂಥವರೇ ಎಂದು ಬೆರಳು ತೋರಿಸಬೇಕಾಗಿಲ್ಲ.

ಪುಸ್ತಕ ಹೊರಬಂದದ್ದು 1945ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ಬೇಡವೆಂದವರು ಹಲವರು. ಫೇಬರ್ ಪ್ರಕಾಶನದ ಪರವಾಗಿ ಕವಿ ಟಿ. ಎಸ್. ಎಲಿಯಟ್ 1944ರ ಜುಲೈನಲ್ಲಿ ಬರೆದ ಪತ್ರದ ತಾತ್ಪರ್ಯ ಕೇಳಿ: ನಿಮ್ಮ ಹಂದಿಗಳೇ ಎಲ್ಲರಿಗಿಂತ ಬುದ್ಧಿವಂತರು, ತೋಟ ನಡೆಸಲು ಯೋಗ್ಯರು, ಬೇಕಾಗಿದ್ದು ಸಾರ್ವಜನಿಕ ಹಿತದ ಹಂದಿಗಳಷ್ಟೇ. ಒಳ್ಳೆಯ ಹಂದಿ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬೆಕ್ಕಿನ ಸಾಲುಗಳನ್ನು ಓದಬೇಕು. ಕೆಳಗೆ ಕೂತವರು ನೆವಗಳನ್ನು ಸಹಿಸಿಕೊಳ್ಳುವುದು ಎಲ್ಲಿಂದ ಶುರುವಾಯಿತು ಎಂಬುದು ಅಲ್ಲಿದೆ. ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡದ್ದೇ ಕಥೆಯ ತಿರುವು ಎಂದು ಆರ್ವೆಲ್ ಮುಂದೆ ಒಂದು ಪತ್ರದಲ್ಲಿ ಹೇಳಿದ್ದಾರೆ. ಹಾಲು, ಸೇಬು ಮಿದುಳಿಗೆ ಬೇಕೆಂಬ ಹಂದಿಗಳ ವಕ್ತಾರ ಸ್ಕ್ವೀಲರನ ನೆವವೂ ಬೆಕ್ಕಿನ ನೆವದಂತೆಯೇ ಸೊಗಸಾಗಿತ್ತು, ಎರಡನ್ನೂ ಅವೇ ಪ್ರಾಣಿಗಳು ನಂಬಿದವು.

ನಮ್ಮಲ್ಲಿಯೂ ಈ ಬೆಕ್ಕು ಹಳೆಯದೇ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗೆಯ ದಡದಲ್ಲಿ ಕೈಯೆತ್ತಿ ತಪಸ್ಸಿಗೆ ನಿಂತ ಬೆಕ್ಕಿನ ಕಥೆಯಿದೆ. ಇಲಿಗಳು ನಂಬಿ ಶರಣು ಬರುತ್ತವೆ, ದಿನದಿನಕ್ಕೆ ಇಲಿಗಳು ಇಳಿಯುತ್ತವೆ, ಬೆಕ್ಕು ದಪ್ಪವಾಗುತ್ತದೆ. ಮಹಾಬಲಿಪುರದ ದೊಡ್ಡ ಬಂಡೆಯ ಕೆತ್ತನೆಯಲ್ಲಿ ಹಿಂಗಾಲ ಮೇಲೆ ನಿಂತ ಅದೇ ತಪಸ್ವಿ ಬೆಕ್ಕು, ಕಾಲ ಬಳಿ ಇಲಿಗಳು. ಹೋದವರು ನೋಡಿರುತ್ತೀರಿ.

ಸಿಲ್ಕ್‌ಬೋರ್ಡ್_ಸಂತ
ಮೇಷ್ಟ್ರು "ಎರಡು ಮಾತು" ಅಂದ್ರೆ ನಾನು ಮೊದಲು ಕಾಫಿ ಮಾಡ್ಕೊಂಡು ಬರ್ತೀನಿ.

ಓದುಗೂಬೆ
ಆ ಉದ್ಯೋಗಪರ್ವದ ಕಥೆ ಹೇಳಿಸೋದು ಯಾರು ಅನ್ನೋದೂ ಮಜಾ ಇದೆ. ದುರ್ಯೋಧನ! ದೂತ ಉಲೂಕನ ಕೈಲಿ ಧರ್ಮರಾಯನಿಗೆ ಹೇಳಿ ಕಳಿಸೋದು, ನಿನ್ನ ಧರ್ಮ ಈ ಬೆಕ್ಕಿನ ಧರ್ಮ ಅಂತ. ಇನ್ನೊಬ್ಬರನ್ನ ಢೋಂಗಿ ಅನ್ನೋಕೂ ಈ ಬೆಕ್ಕೇ ಬೇಕು.

ಕೆಂಪುಬಸ್ಸು
ನೋಡಿದ್ರಾ, ಅದಕ್ಕೇ ಗೂಬೆಯವರ ಮೊದಲ ಪ್ರಶ್ನೆ ನನಗೆ ಇಷ್ಟ ಆಗಿದ್ದು. ನಾನು ಕೆಲಸ ಮಾಡ್ತಿದ್ದ ಕಡೆ (ಹೆಸರು ಬೇಡ) ಗುತ್ತಿಗೆ ಕಾರ್ಮಿಕರನ್ನ ಕಾಯಂ ಮಾಡಿ ಅಂತ ಗೇಟ್ ಮುಂದೆ ಧರಣಿ ಕೂತಿದ್ವಿ. ಶಾಮಿಯಾನ, ಚಾಪೆ, ಒಂದು ನೀರಿನ ಕ್ಯಾನು. ಒಬ್ಬ ಮಹಾಶಯ ರಾತ್ರಿ ಯಾವತ್ತೂ ಇರ್ತಿರಲಿಲ್ಲ, ಅಮ್ಮನಿಗೆ ಬಿಪಿ, ಮಗಳಿಗೆ ಟ್ಯೂಷನ್. ಬೆಳಿಗ್ಗೆ ಇಡ್ಲಿ ಪೊಟ್ಟಣ ಬರೋ ಹೊತ್ತಿಗೆ ಪಕ್ಕಾ. ಮಾತು ಮಾತ್ರ ಎಲ್ಲರಿಗಿಂತ ಕೆಂಪು! ಪತ್ರಿಕೆಯವರು ಬಂದ್ರೆ ಮುಂದಿನ ಸಾಲಲ್ಲಿ ಇವನೇ, ಮುಷ್ಟಿ ಎತ್ತಿಕೊಂಡು. ರಾಜಿ ಮಾತುಕತೆ ಮುಗಿದ ಮೇಲೆ ತಿಳೀತು, ಆಡಳಿತದವರ ಹತ್ರನೂ "ನಾನು ನಿಮ್ಮವನೇ ಸಾರ್" ಅಂತ ಅರ್ಜಿ ಕೊಟ್ಟಿದ್ದ. ಅವನೊಬ್ಬನಿಗೆ ಮೊದಲು ಕಾಯಂ ಆಯ್ತು.

ಸಿಟ್ಟು ಬಂದಿದ್ದು ಅವನ ಮೇಲಲ್ಲ. ಗೊತ್ತಾದ ಮೇಲೂ ನಮ್ಮಲ್ಲೇ ಅರ್ಧ ಜನ "ಹೋಗ್ಲಿ ಬಿಡ್ರಿ, ಮಾತಾಡಿಸೋ ಗುಣ ಒಳ್ಳೇದು" ಅಂದ್ರಲ್ಲ, ಅವರ ಮೇಲೆ.

ಒಂದ್ಸಾಲು
ಇಡ್ಲಿ ಜೊತೆ ಚಟ್ನಿ ಇತ್ತಾ ಸಾಂಬಾರಾ?

ಕೆಂಪುಬಸ್ಸು
ಚಟ್ನಿ. ಸಾಂಬಾರಿಗೆ ಚಂದಾ ಸಾಲ್ತಿರಲಿಲ್ಲ.

ಬೆಕ್ಕಿನಮ್ಮ
ಆ ಮನುಷ್ಯನ್ನ ಬೈಯಿರಿ, ಬೇಡ ಅನ್ನಲ್ಲ. ಬೆಕ್ಕಿಗೆ ಇನ್ನೊಂದು ಸಾಕ್ಷಿ ಇದೆ. ದನದ ಕೊಟ್ಟಿಗೆ ಕದನ. ಜೋನ್ಸ್ ಆಳುಗಳನ್ನ ಕಟ್ಟಿಕೊಂಡು ಬಂದಾಗ ಬೆಕ್ಕು ಚಾವಣಿಯಿಂದ ಒಬ್ಬ ದನಗಾಹಿಯ ಹೆಗಲಿಗೆ ಹಾರಿ ಕುತ್ತಿಗೆಗೆ ಉಗುರು ಊರುತ್ತೆ. ಅವನು ಕಿರುಚಿಕೊಳ್ತಾನೆ. ಅದೇ ಹೊತ್ತಲ್ಲಿ ಮೋಲಿ ಎಲ್ಲಿದ್ಳು? ಗೋದಲಿಯ ಹುಲ್ಲಲ್ಲಿ ಮುಖ ಹುದುಗಿಸಿಕೊಂಡು! ಬೆಕ್ಕು ಓಡಿ ಹೋಗಲಿಲ್ಲ.

ಓದುಗೂಬೆ
ಅಲ್ಲಿ "ಬೆಕ್ಕು ಕೂಡ" ಅಂತ ಹೇಳೋ ಧಾಟಿ ನೋಡಿ ಮೇಡಂ. ಬರೆಯೋನಿಗೇ ಆಶ್ಚರ್ಯ. ಮತ್ತೆ ಅದು ಹಾರಿದ್ದು ಸುಮ್ಮನೆ ಒಂದೇ ಸಲ. ಮೇಲಿಂದ, ಬೆನ್ನ ಹಿಂದಿಂದ. ಅದಕ್ಕೆ ಪದಕ ಬಂದಿಲ್ಲ, ಸ್ನೋಬಾಲ್‌ಗೂ ಬಾಕ್ಸರ್‌ಗೂ ಬಂತು.

ಬೆಕ್ಕಿನಮ್ಮ
ಬೆಕ್ಕು ಮುಂದಿಂದ ಹಾರೋದನ್ನ ನೀವು ಎಲ್ಲಿ ನೋಡಿದ್ರಿ?

ತೋಟದ_ದಾರಿ
ತಡವಾಗಿ ಬಂದೆ. ನಾನು ಎಲ್ಲೋ ಓದಿದ್ದೆ, ಬೆಕ್ಕು ಅಂದ್ರೆ ಸ್ಟಾಲಿನ್‌ನ ಗೂಢಚಾರ ಪೊಲೀಸ್ ಅಂತೆ. ಯಾಕಂದ್ರೆ ಮರಣದಂಡನೆಯ ಸಭೆ ಕರೆಯೋ ಮೊದಲೇ ಅದು ಮಾಯ ಆಗುತ್ತೆ. ಮುಂಚೆನೇ ಸುದ್ದಿ ಗೊತ್ತಿತ್ತು ಅಂತ ಅರ್ಥ ತಾನೇ?

ನಿವೃತ್ತ_ಮೇಷ್ಟ್ರು
ಆ ಕೆಲಸಕ್ಕೆ ಕಥೆಯಲ್ಲಿ ನೆಪೋಲಿಯನ್ ಸಾಕಿದ ಒಂಬತ್ತು ನಾಯಿಗಳೇ ಇವೆ, ಮತ್ತೊಬ್ಬರು ಬೇಕಿಲ್ಲ. ಬೆಕ್ಕಿಗೆ ನೆಪೋಲಿಯನ್ ಜೊತೆ ಒಂದು ಮಾತುಕತೆಯೂ ಪುಸ್ತಕದಲ್ಲಿ ಇಲ್ಲ. ಮುಂಚಿತವಾಗಿ ತಿಳಿಯುವುದಕ್ಕೆ ಗುಪ್ತಚರನೇ ಆಗಬೇಕೆಂದಿಲ್ಲ, ಸದಾ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದರೆ ಸಾಕು.

ಆ ಏಳನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಭಾನುವಾರದ ಸಭೆ ನಿಲ್ಲಿಸಿದ್ದನ್ನು ವಿರೋಧಿಸಿದ್ದ ನಾಲ್ಕು ಹಂದಿಗಳು ಮೊದಲು ಸತ್ತವು. ಆಮೇಲೆ ಮೊಟ್ಟೆ ಕೊಡಲ್ಲವೆಂದು ಹಟ ಹಿಡಿದಿದ್ದ ಮೂರು ಕೋಳಿಗಳು. ಒಂದು ಹೆಬ್ಬಾತು ಹಿಂದಿನ ವರ್ಷದ ಕೊಯ್ಲಿನಲ್ಲಿ ಆರು ತೆನೆ ಕದ್ದು ರಾತ್ರಿ ತಿಂದೆನೆಂದು ಒಪ್ಪಿಕೊಂಡಿತು. ಆರು ತೆನೆಗೆ ಜೀವ! ಉಳಿದವರು ನಡುಗುತ್ತ ಅರ್ಧ ಕಟ್ಟಿದ ಗಾಳಿಗಿರಣಿಯ ದಿಬ್ಬಕ್ಕೆ ಹೋಗಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಾರೆ. ಕ್ಲೋವರ್, ಮ್ಯೂರಿಯಲ್ ಮೇಕೆ, ಬೆಂಜಮಿನ್ ಕತ್ತೆ, ಹಸು, ಕುರಿ, ಹೆಬ್ಬಾತು ಮತ್ತು ಕೋಳಿಗಳ ಹಿಂಡು, ಎಲ್ಲರೂ. ಬೆಕ್ಕೊಂದು ಇಲ್ಲ. ಅಲ್ಲಿಂದಾಚೆ ಅದರ ಸುದ್ದಿಯೇ ಬರುವುದಿಲ್ಲ.

ಕಡಲತಡಿ
ಮೊದಲ ಸಭೆಯಲ್ಲಿ ಬಾಕ್ಸರ್ ಕ್ಲೋವರ್ ನಡುವೆ ಬೆಚ್ಚಗೆ ಕೂತದ್ದು ಇದೇ ಬೆಕ್ಕು ಅಲ್ವಾ. ಶಾಖ ಕೊಡುವಾಗ ಬೇಡ, ತಗೊಳ್ಳುವಾಗ ಬೇಕು. ಕ್ಲೋವರ್ ಆ ಹೊತ್ತಿಗೆ ಅಳ್ತಾ ಇದ್ದಾಳೆ. ಅವಳಿಗೆ ಅಂಟಿ ಕೂರುವವರು ಒಬ್ಬರು ಕಡಿಮೆ ಆಯ್ತು. ಬೆಕ್ಕಿನ ತಪ್ಪು ನನಗೆ ಇಷ್ಟೇ ಕಾಣುದು, ಉಳಿದದ್ದೆಲ್ಲ ರಾಜಕೀಯ.

ಧಾರವಾಡ_ಪೇಡೆ
ಹೋಗಿದ್ರ ಏನ್ ಆಗ್ತಿತ್ತು? ಅದೂ ಸಾಯ್ತಿತ್ತು. ಎರಡು ಕಡೆ ಮತ ಹಾಕಿದ ಬೆಕ್ಕಿನ ಬಾಯಿಂದ ತ್ವಾಟದಿಂದ ಓಡಿಸಿದ ಸ್ನೋಬಾಲ್‌ನ ಏಜೆಂಟ್ ನಾನs ಅಂತ ಹೇಳಸೂದು ನಾಯಿಗೆ ಎಷ್ಟೊತ್ತಿನ ಕೆಲಸ? ಬಾಕ್ಸರ್ ಮುಂಜಾನಿ ಎಲ್ಲಾರಕ್ಕಿಂತ ಅರ್ಧ ತಾಸು ಮೊದಲ ಎದ್ದು ದುಡದ, ಆಮ್ಯಾಲೆ ಮುಕ್ಕಾಲು ತಾಸು. ನೆಪೋಲಿಯನ್ ಹೇಳಿದ್ದs ಖರೆ ಅಂದ. ಅವನ ಚರ್ಮಾ, ಎಲಬು ಮಾರಿ ಬಂದ ರೊಕ್ಕದಾಗ ಹಂದಿಗೋಳು ವಿಸ್ಕಿ ಕುಡದ್ವು. ಹಿಂಗ ನಂಬಿ ದುಡಿಯೂದು ಪುಣ್ಯ, ನಂಬದ ಇರೂದು ಪಾಪ ಅಂತ ಯಾರಿಗೆ ಪಾಠಾ ಹೇಳಾಕತ್ತೀರಿ?

ಕೆಂಪುಬಸ್ಸು
ನಂಬದೇ ಇರೋದು ಪಾಪ ಅಂತ ಯಾರೂ ಅಂದಿಲ್ಲ. ಬೆಂಜಮಿನ್ ಕತ್ತೇನೂ ಏನನ್ನೂ ನಂಬಲ್ಲ. ಆದ್ರೆ ತನ್ನ ಪಾಲಿನ ಕೆಲಸ ಬಿಡಲ್ಲ, ಹೆಚ್ಚೂ ಮಾಡಲ್ಲ ಕಡಿಮೆನೂ ಮಾಡಲ್ಲ. ಸಮಿತಿಗೂ ಹೋಗಲ್ಲ, ಗುಬ್ಬಿಗೆ ಭಾಷಣನೂ ಮಾಡಲ್ಲ. ಬೆಕ್ಕು ನಂಬದೇ ಇರೋಳು, ಆದ್ರೆ ನಂಬಿಕೆಯ ಅಂಗಡಿ ತೆಗೆದಿರೋಳು. ಎರಡಕ್ಕೂ ವ್ಯತ್ಯಾಸ ಇಲ್ವಾ?

ಧಾರವಾಡ_ಪೇಡೆ
ಬೆಂಜಮಿನ್‌ಗೆ ಓದಾಕ ಬರ್ತಿತ್ತು. ಗೋಡಿ ಮ್ಯಾಲಿನ ಆಜ್ಞಾ ತಿದ್ದಿದ್ದೂ ಕಂಡಿರ್ತದ. ಬಾಕ್ಸರ್‌ನ ಗಾಡಿ ಬರೂ ತನಕಾ ಬಾಯಿ ಬಿಡಲಿಲ್ಲ. ಬೆಕ್ಕಿಗಿಂತ ಅಂವ ದೊಡ್ಡ ಕಳ್ಳ.

ತೋಟದ_ದಾರಿ
ಸಿನಿಮಾದಲ್ಲಿ ಕತ್ತೆನೇ ಮುಂದೆ ನಿಂತು ಕೊನೆಗೆ ಹಂದಿಗಳ ಮೇಲೆ ದಂಗೆ ಏಳಿಸುತ್ತಲ್ಲ?

ನಿವೃತ್ತ_ಮೇಷ್ಟ್ರು
1954ರ ಕಾರ್ಟೂನ್ ಚಿತ್ರ ಅದು. ಅದಕ್ಕೆ ಹಿಂದಿನಿಂದ ಹಣ ಹಾಕಿದ್ದು ಅಮೆರಿಕದ ಸಿಐಎ. ಅಂತ್ಯವನ್ನು ಬದಲಿಸಿದ್ದರು. ಆರ್ವೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದನ್ನಿಟ್ಟುಕೊಂಡು ಪುಸ್ತಕದ ಚರ್ಚೆ ಬೇಡ.

ಸಿಲ್ಕ್‌ಬೋರ್ಡ್_ಸಂತ
ಒಂದು ಡೌಟು. ಎರಡೂ ಕಡೆ ಮತ ಹಾಕಿದ್ರೆ ಒಂದಕ್ಕೊಂದು ವಜಾ ಆಗಿ ಹೋಗುತ್ತೆ. ಲಾಭ ಏನು? ಅಷ್ಟು ಲೆಕ್ಕ ಗೊತ್ತಿಲ್ಲದೋಳನ್ನ ಚಾಣಾಕ್ಷೆ ಅಂತೀರಾ?

ಓದುಗೂಬೆ
ಲಾಭ ಎಣಿಕೆಯಲ್ಲಿಲ್ಲ, ಕಾಣಿಸಿಕೊಳ್ಳೋದರಲ್ಲಿದೆ. ವಿರೋಧ ಬಿದ್ದಿದ್ದು ನಾಲ್ಕೇ ಮತ, ಮೂರು ನಾಯಿಗಳು ಮತ್ತು ಇವಳು. ನಾಯಿಗಳ ಕಣ್ಣಿಗೆ ಇವಳು ಅವರ ಕಡೆ. ಉಳಿದವರ ಕಣ್ಣಿಗೆ ಇಲಿಗಳ ಸ್ನೇಹಿತೆ. ಯಾರು ಗೆದ್ರೂ ಕೈಯೆತ್ತಿದ್ದು ನೋಡಿದ್ರಲ್ಲ ಅನ್ನಬಹುದು. ನಾಯಿಗಳಾದ್ರೂ ಇಲಿ ಬೇಡ ಅಂತ ಎದುರಿಗೇ ಹೇಳಿದ್ವು.

ಕಡಲತಡಿ
ಅದಕ್ಕಿಂತ ದೊಡ್ಡ ಪ್ರಶ್ನೆ ಉಂಟು. ಎರಡು ಕಡೆ ಹಾಕಿದ್ದು ಆಮೇಲೆ ಗೊತ್ತಾಯ್ತು ಅಂತ ಬರೀತಾನೆ. ಗೊತ್ತಾದ ಮೇಲೆ ಏನು ಮಾಡಿದ್ರು? ಏನೂ ಇಲ್ಲ. ಮರು ಎಣಿಕೆ ಇಲ್ಲ, ಒಂದು ಮಾತು ಕೇಳಿದ್ದೂ ಇಲ್ಲ. ತೋಟದ ಮೊಟ್ಟಮೊದಲ ಮತದಾನದಲ್ಲೇ ಕಳ್ಳ ಓಟು ಸಿಕ್ಕಿಬಿದ್ದು ಎಲ್ಲರೂ ನಕ್ಕು ಬಿಟ್ಟಿರ್ಬೇಕು. ಆಗ ಇನ್ನೂ ನೆಪೋಲಿಯನ್ನೂ ಇಲ್ಲ ಮಣ್ಣೂ ಇಲ್ಲ, ಮೇಜರ್ ಜೀವಂತ ಇದ್ದ.

ಬೆಕ್ಕಿನಮ್ಮ
ಅದಕ್ಕೂ ಬೆಕ್ಕನ್ನೇ ಬೈತೀರಾ? ಎಣಿಸಿದವರನ್ನ ಕೇಳಿ.

ಕಡಲತಡಿ
ಎಣಿಸಿದವರನ್ನೇ ಹೇಳ್ತಾ ಇರೂದು ನಾನು!

ಒಂದ್ಸಾಲು
ಬೆಕ್ಕಿನಮ್ಮ ಮೇಡಂ ಗೆದ್ರು ಅನ್ಸುತ್ತೆ.

ಕೆಂಪುಬಸ್ಸು
ಗೆದ್ದಿಲ್ಲ. ಗುಬ್ಬಿಯ ವಿಷ್ಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬೆಕ್ಕಿನಮ್ಮ
ಗುಬ್ಬಿ ಸತ್ತಿದ್ಯಾ? ಇಲ್ಲ ತಾನೇ? ಹಾಗಾದ್ರೆ ಕೇಸಿಲ್ಲ.

ಧಾರವಾಡ_ಪೇಡೆ
ನಾ ಬೆಂಜಮಿನ್ ಬಗ್ಗೆ ಕೇಳಿದ್ದಕ್ಕ ಯಾರೂ ಉತ್ತರಾ ಕೊಡಲಿಲ್ಲ ನೋಡ್ರಿ. ಕತ್ತಿ ವಿಷಯ ಬಂದ ಕೂಡ್ಲೆ ಎಲ್ಲಾರೂ ಸುಮ್ಮ.

ಓದುಗೂಬೆ
ಕತ್ತೆಗೆ ಬೇರೆ ಚರ್ಚೆ ಶುರು ಮಾಡಿ ಪೇಡೆ ಸಾರ್, ಬರ್ತೀವಿ. ಮೇಷ್ಟ್ರಿಗೆ ಮೊದಲೇ ತಿಳಿಸಿ, ಸಂತರು ಕಾಫಿಗೆ ನೀರಿಡಬೇಕು.